ಹಾಜರಿಪಟ್ಟಿ ಇಲ್ಲದ ದಂಡು

ಯಾದಗಿರಿ ಬಿಟ್ಟು ಭೀಮಾ ನದಿಯ ಸೇತುವೆ ದಾಟಿ ಶಹಾಪುರದ ದಾರಿ ಹಿಡಿದರೆ ಸಗರನಾಡು. ಈ ನಾಡನ್ನು ನೋಡಬೇಕಾದರೆ ಫೆಬ್ರುವರಿಯಲ್ಲೇ ನೋಡಬೇಕು. ಎರೆ ಹೊಲದಲ್ಲಿ ಬಿಳಿಜೋಳದ ತೆನೆ ಕಾಳುಕಟ್ಟಿ ಬಾಗಿರುತ್ತದೆ. ಹತ್ತಿ ಬಿಡಿಸಿ ಮುಗಿದು ಬರೀ ಕಟ್ಟಿಗೆ ನಿಂತಿರುತ್ತದೆ. ರಸ್ತೆಬದಿಯ ಬಯಲಿನಲ್ಲಿ ಹರವಿದ ಮೆಣಸಿನಕಾಯಿಯ ಘಾಟು ಬಸ್ಸಿನ ಕಿಟಕಿಯೊಳಗೇ ಬಂದು ಮೂಗು ಮುಟ್ಟುತ್ತದೆ. ನಾರಾಯಣಪುರದ ಕಾಲುವೆ ನೀರು ತಲುಪಿದಲ್ಲೆಲ್ಲ ಬತ್ತದ ಗದ್ದೆ. ಈ ಸಮನೆಲದ ನಡುವೆ, ಯಾವ ಮುನ್ಸೂಚನೆಯೂ ಇಲ್ಲದೆ, ಗುಡ್ಡಗಳು ಏಳುತ್ತವೆ. ಮಣ್ಣಿನ ಗುಡ್ಡಗಳಲ್ಲ, ಗುಂಡುಕಲ್ಲಿನ ಗುಡ್ಡಗಳು. ಮನೆಯಷ್ಟು ದೊಡ್ಡ ಬಂಡೆಯ ಮೇಲೆ ಎತ್ತಿನಷ್ಟು ದೊಡ್ಡ ಬಂಡೆ, ಅದರ ತುದಿಯಲ್ಲಿ ಈಗ ಬಿದ್ದೀತು ಆಗ ಬಿದ್ದೀತು ಎಂಬಂತೆ ಕೂತ ಇನ್ನೊಂದು. ಸಾವಿರಾರು ವರ್ಷಗಳಿಂದ ಅವು ಹಾಗೇ ಕೂತಿವೆ.

ನಾನು ಹುಡುಕಿಕೊಂಡು ಬಂದದ್ದು ಈ ಕಲ್ಲುಗಳ ನಡುವೆ ಹುಟ್ಟಿದ ಒಂದು ದಂಡನ್ನು. ಇತಿಹಾಸದ ಪುಸ್ತಕಗಳು ರೆಜಿಮೆಂಟು ಎಂದರೆ ನಂಬರು, ಸಮವಸ್ತ್ರ, ಬಿಡಾರ, ತಿಂಗಳ ಪಗಾರ ಎಂದು ಬರೆಯುತ್ತವೆ. ಸುರಪುರದ ಬೇಡ ನಾಯಕರ ಕಾಲಾಳುಗಳಿಗೆ ಇದಾವುದೂ ಇರಲಿಲ್ಲ. ಊರೇ ಅವರ ಬಿಡಾರ. ಸಂಬಳದ ಬದಲಿಗೆ ಉಂಬಳಿಯ ಹೊಲ. ಕರೆ ಬಂದಾಗ ಗೂಟಕ್ಕೆ ತೂಗುಹಾಕಿದ ಬಂದೂಕು ಇಳಿಸಿಕೊಂಡು ಹೊರಡುವುದು, ಕೆಲಸ ಮುಗಿದರೆ ತಿರುಗಿ ಬಂದು ಕುಂಟೆ ಹೂಡುವುದು. ಇಂಥವರು ನೂರೈವತ್ತು ವರ್ಷಗಳ ಅಂತರದಲ್ಲಿ ಎರಡು ಸಲ, ತಮ್ಮ ಕಾಲದ ಅತಿ ದೊಡ್ಡ ಸೈನ್ಯಗಳ ಎದುರು ನಿಂತರು. ಮೊದಲ ಸಲ ಔರಂಗಜೇಬನ ಎದುರು, 1705ರಲ್ಲಿ. ಎರಡನೆಯ ಸಲ ಇಂಗ್ಲಿಷರ ಎದುರು, 1858ರಲ್ಲಿ. ಎರಡೂ ಸಲ ಯುದ್ಧ ಬಂದದ್ದು ಫೆಬ್ರುವರಿಯಲ್ಲಿ, ಜೋಳ ಕೊಯ್ಲಿಗೆ ಬರುವ ಹೊತ್ತಿಗೆ. ಈ ಸಂಗತಿ ತಲೆಗೆ ಹೊಕ್ಕ ಮೇಲೆ ದಾರಿಯ ಒಂದೊಂದು ಹೊಲವೂ ನನಗೆ ಬೇರೆಯಾಗಿಯೇ ಕಾಣತೊಡಗಿತು.

ದೋರನಹಳ್ಳಿಯಲ್ಲಿ ಇಳಿದೆ. ಶಹಾಪುರ ತಾಲ್ಲೂಕಿನ ದೊಡ್ಡ ಊರು, ಹೋಬಳಿಯ ಕೇಂದ್ರ. ರಸ್ತೆಗೆ ಹತ್ತಿಕೊಂಡೇ ಹೋಟೆಲು, ಗೊಬ್ಬರದ ಅಂಗಡಿ, ಪಂಕ್ಚರ್ ಅಂಗಡಿ. ಒಂದು ಲಾರಿಗೆ ತೊಗರಿಯ ಚೀಲ ಹೇರುತ್ತಿದ್ದರು. ಹಮಾಲನೊಬ್ಬ ಟವಲನ್ನು ಸಿಂಬಿ ಸುತ್ತಿ ತಲೆಗಿಟ್ಟುಕೊಂಡು, ಇಬ್ಬರು ಎತ್ತಿಕೊಟ್ಟ ಚೀಲವನ್ನು ಅದರ ಮೇಲೆ ಕೂರಿಸಿಕೊಂಡು, ಮೊಣಕಾಲು ಸ್ವಲ್ಪ ಮಡಿಸಿ ಒಂದು ಕ್ಷಣ ತೂಕ ನೋಡಿ, ಆಮೇಲೆ ಹಲಗೆಯ ಮೇಲೆ ಓಡಿದಂತೆ ಹತ್ತಿಹೋದ. ಕುತ್ತಿಗೆಯ ನರ ಹಗ್ಗದಂತೆ ಉಬ್ಬಿತ್ತು. ಚೀಲ ಇಳಿಸಿ ಮತ್ತೆ ಬಂದ, ಮತ್ತೆ ಹತ್ತಿದ.

ನಾನು ಚಹಾ ಮರೆತು ನೋಡುತ್ತ ನಿಂತೆ. ಕಾರಣವಿದೆ. 1686ರಲ್ಲಿ ಔರಂಗಜೇಬನ ಸೈನ್ಯ ವಿಜಾಪುರವನ್ನು ಮುತ್ತಿ ಕೂತಿತ್ತು. ಕೋಟೆಯೊಳಗೆ ಅನ್ನವಿರಲಿಲ್ಲ. ಆಗ ಈ ಸೀಮೆಯ ಒಡೆಯ, ಬೇಡರ ಪಾಮ ನಾಯಕ. ಅವನ ರಾಜಧಾನಿ ಸಗರ, ಶಹಾಪುರಕ್ಕೆ ಹತ್ತಿರದ ಊರು. ನಾಡಿಗೆ ಹೆಸರು ಬಂದದ್ದೂ ಅಲ್ಲಿಂದಲೇ. ಆದಿಲಶಾಹಿಯ ಕೊನೆಯ ಸುಲ್ತಾನ ಸಿಕಂದರ್ ಇನ್ನೂ ಹುಡುಗ. ಅವನಿಗೆ ನೆರವಾಗಲು ಪಾಮ ನಾಯಕ ಆರು ಸಾವಿರ ಬೇಡ ಕಾಲಾಳುಗಳನ್ನು ಕಳಿಸಿದ. ಒಬ್ಬೊಬ್ಬನ ತಲೆಯ ಮೇಲೂ ಧಾನ್ಯದ ಹೊರೆ. ಹಸಿದ ನಗರಕ್ಕೆ ಜೋಳ ಮುಟ್ಟಿಸಲು ಆರು ಸಾವಿರ ಜನ ರಾತ್ರಿಯಲ್ಲಿ, ಶತ್ರುವಿನ ಕಣ್ಣು ತಪ್ಪಿಸಿ, ತಲೆಹೊರೆಯಲ್ಲಿ ನಡೆದರು. ವಿಜಾಪುರದ ಹತ್ತಿರ ರಸೂಲ್‌ಪುರದಲ್ಲಿ ಮೊಗಲ ಸರದಾರ ಫಿರೋಜ್ ಜಂಗನ ಸೈನ್ಯ ಅವರನ್ನು ಅಡ್ಡಗಟ್ಟಿ ಕೊಚ್ಚಿಹಾಕಿತು. ಸೆಪ್ಟೆಂಬರಿನಲ್ಲಿ ವಿಜಾಪುರ ಬಿತ್ತು. ಮರುವರ್ಷ ಗೋಲ್ಕೊಂಡ ಬಿತ್ತು, ಅದರ ಬೆನ್ನಿಗೇ ಸಗರವೂ ಬಿತ್ತು. ಯುದ್ಧಕಥೆಗಳನ್ನು ಎಷ್ಟೋ ಓದಿದ್ದೇನೆ. ಕತ್ತಿ ಝಳಪಿಸುವ ಕಥೆಗಳು ಮರೆತುಹೋಗಿವೆ. ತಲೆಯ ಮೇಲೆ ಕಾಳಿನ ಗಂಟು ಹೊತ್ತು ಸತ್ತ ಈ ಆರು ಸಾವಿರ ಜನ ಮರೆಯುವುದಿಲ್ಲ.

ಹೋಟೆಲಿನ ಬೆಂಚಿನ ಮೇಲೆ ಬಿಳಿ ರುಮಾಲಿನ ಮುದುಕರೊಬ್ಬರು ಕೂತಿದ್ದರು. ನನ್ನ ಹೆಗಲ ಚೀಲ, ಕ್ಯಾಮೆರಾ ನೋಡಿ ಮಾತಿಗೆಳೆದರು.

“ಎಲ್ಲಿಗಿ ಹೊಂಟೀರಿ ಸರ್ರ?”

“ವಾಗಣಗೇರಾಕ್ಕ, ಕಾಕಾ. ಕೋಟೆ ನೋಡಬೇಕಂತ.”

“ಕ್ವಾಟಿ ನೋಡ್ಲಾಕ ಹೊಂಟೀರೇನು. ನೋಡ್ರಿ. ಆದ್ರ ಬರೇ ಗ್ವಾಡಿ ನೋಡಿ ಹೊಳ್ಳಿ ಬರಬ್ಯಾಡ್ರಿ, ಕಲ್ಲು ನೋಡ್ರಿ. ಅಲ್ಲಿ ಗ್ವಾಡಿಗಿಂತ ಕಲ್ಲೇ ಹೆಚ್ಚು ಜಗಳ ಆಡ್ಯಾವ.”

ಚಹಾದ ದುಡ್ಡು ಕೊಡಲು ಹೋದರೆ ನನ್ನ ಕೈ ಹಿಡಿದು ತಾವೇ ಕೊಟ್ಟರು. “ನಮ್ಮೂರಿಗಿ ಬಂದೀರಿ” ಎಂದರು, ಅಷ್ಟೇ.

ಶಹಾಪುರ ಹತ್ತಿರವಾಗುತ್ತಿದ್ದಂತೆ ಆ ಪ್ರಸಿದ್ಧ ಗುಡ್ಡಸಾಲು ಕಾಣುತ್ತದೆ, ಮಲಗಿದ ಬುದ್ಧ. ಹಣೆ, ಮೂಗು, ತುಟಿ, ಎದೆ ಎಲ್ಲವೂ ಸ್ಪಷ್ಟ. ಯಾರೂ ಕೆತ್ತದ ಮೂರ್ತಿ. ನಾಲ್ಕಾರು ಗುಡ್ಡ ಒಂದು ಕೋನದಲ್ಲಿ ಸೇರಿ ಆದದ್ದು. ಸಾಕಷ್ಟು ಜನ ಬಣ್ಣಿಸಿದ್ದಾರೆ, ನಾನು ಮುಂದಕ್ಕೆ ಹೋಗುತ್ತೇನೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಶಹಾಪುರದ ಪಕ್ಕದ ವಿಭೂತಿಹಳ್ಳಿ. ಅಲ್ಲೊಂದು ಬಯಲಿನಲ್ಲಿ ನೂರಾರು ಗುಂಡುಕಲ್ಲುಗಳು ಸಾಲುಸಾಲಾಗಿ ನಿಂತಿವೆ. ಎಲ್ಲಿಂದ ನೋಡಿದರೂ ಸಾಲು. ನೇರ ನೋಡಿದರೆ ಒಂದು ಸಾಲು, ಓರೆಯಾಗಿ ನೋಡಿದರೆ ಇನ್ನೊಂದು. ಬೃಹತ್ ಶಿಲಾಯುಗದ ಜನ ಉರುಳಿಸಿ ತಂದು ಲೆಕ್ಕ ಹಾಕಿ ಇಟ್ಟ ಕಲ್ಲುಗಳು. ಪುರಾತತ್ವ ಇಲಾಖೆ ಕಾಪಾಡುತ್ತಿರುವ ಜಾಗ. ಕವಾಯತಿಗೆ ನಿಂತ ಪಲ್ಟನ್ನಿನ ಹಾಗೆ ಇವೆ ಎಂದು ಯಾರಿಗಾದರೂ ಅನ್ನಿಸದೆ ಇರದು. ಇವುಗಳನ್ನು ಹತ್ತೊಂಬತ್ತನೆಯ ಶತಮಾನದಲ್ಲೇ ಗಮನಿಸಿ ವಿದ್ವತ್ ಪತ್ರಿಕೆಗೆ ಬರೆದವನು ಫಿಲಿಪ್ ಮೆಡೋಸ್ ಟೇಲರ್. ಸುರಪುರದ ಕಥೆಯ ಅರ್ಧ ಅವನದೇ. ಅವನ ಬಳಿಗೆ ಆಮೇಲೆ ಬರುತ್ತೇನೆ.

ಸುರಪುರ ಮುಟ್ಟುವ ಮೊದಲೇ ವಾಗಣಗೇರಾ ನೋಡಬೇಕೆಂದು ಹಟ ಹಿಡಿದಿದ್ದೆ. ಕಾಲಕ್ರಮದಲ್ಲಿ ಅದು ಮೊದಲು. ಸಗರ ಕೈಬಿಟ್ಟ ಮೇಲೆ ಪಾಮ ನಾಯಕ ಹೆಚ್ಚು ಕಾಲ ಬದುಕಲಿಲ್ಲ. ಅವನ ನಂತರ ಬಂದ ಪಿಡ್ಡ ನಾಯಕ ವಾಗಣಗೇರಾ ಗುಡ್ಡವನ್ನು ನೆಲೆ ಮಾಡಿಕೊಂಡ. ಔರಂಗಜೇಬನ ಚರಿತ್ರೆಯನ್ನು ಐದು ಸಂಪುಟಗಳಲ್ಲಿ ಬರೆದ ಜದುನಾಥ ಸರ್ಕಾರರು ಈ ಕೋಟೆಗೆ ವಿಶೇಷ ಗಮನ ಕೊಟ್ಟಿದ್ದಾರೆ, ಏಕೆಂದರೆ ಬಾದಶಹ ತಾನೇ ನಿಂತು ನಡೆಸಿದ ಕೊನೆಯ ಮುತ್ತಿಗೆ ಇದು. ಪಿಡ್ಡ ನಾಯಕ ಹದಿನಾಲ್ಕು ಹದಿನೈದು ಸಾವಿರ ಬಂದೂಕಿನ ಕಾಲಾಳುಗಳನ್ನು ಕೂಡಿಸಿದ್ದ, ಮೇಲೆ ನಾಲ್ಕೈದು ಸಾವಿರ ಕುದುರೆ. ಬತ್ತಿ ಹೊತ್ತಿಸಿ ಸಿಡಿಸುವ ಬಂದೂಕು ಅದು. ಮದ್ದು ತುಂಬು, ಗುಂಡು ಇಳಿಸು, ಗಜದಿಂದ ತುರುಕು, ಕಿವಿಗೆ ಪುಡಿ ಉದುರಿಸು, ಬತ್ತಿಯ ಕೆಂಡ ಊದಿ ಜೀವ ಬರಿಸು, ಆಮೇಲೆ ಗುರಿ. ಇಷ್ಟೆಲ್ಲ ಮಾಡುವ ಹೊತ್ತಿಗೆ ಬಯಲಿನಲ್ಲಾದರೆ ಕುದುರೆ ಸವಾರ ಎದೆಯ ಮೇಲೆ ಬಂದುಬಿಡುತ್ತಾನೆ. ಆದರೆ ಇಲ್ಲಿ ಬಯಲು ಎಲ್ಲಿದೆ?

ಗುಡ್ಡ ಹತ್ತಿದಾಗ ಇದು ಮೈಗೆ ತಿಳಿಯಿತು. ಊರು ದಾಟಿ ಮೇಲೆ ಹೋಗುವ ಹಾದಿ ಬಂಡೆಗಳ ನಡುವೆ ಬಳುಕುತ್ತದೆ. ಮುರಿದ ಗೋಡೆ ಬರುತ್ತದೆ, ಬುರುಜು ಬರುತ್ತದೆ. ಗಾರೆ ಉದುರಿ ಕಲ್ಲಿನ ಸಂದಿಯಲ್ಲಿ ಮುಳ್ಳುಕಂಟಿ ಬೇರು ಬಿಟ್ಟಿದೆ. ದೋರನಹಳ್ಳಿಯ ಕಾಕಾ ಹೇಳಿದ ಮಾತು ನೆನಪಾಗಿ ಗೋಡೆ ಬಿಟ್ಟು ಬಂಡೆಗಳ ಕಡೆ ತಿರುಗಿದೆ. ಎರಡು ದೊಡ್ಡ ಬಂಡೆಗಳು ಒಂದಕ್ಕೊಂದು ಒರಗಿದಲ್ಲಿ ಒಂದು ಕಿಂಡಿ. ಓರೆಯಾಗಿ ಹೆಗಲು ತೂರಿಸಿದರೆ ಒಬ್ಬ ಮನುಷ್ಯ ಸರಿಯಾಗಿ ಹಿಡಿಯುತ್ತಾನೆ. ಒಳಗೆ ಕೂತೆ. ಹೊರಗೆ ಸುಡುವ ಬಿಸಿಲು, ಒಳಗೆ ತಂಪು. ಬೆನ್ನಿಗೆ ಕಲ್ಲು ಆತುಕೊಂಡಿತ್ತು. ಎದುರಿಗೆ ಕೈಯಗಲದ ಸೀಳು, ಅದರಲ್ಲಿ ನಾನು ಹತ್ತಿಬಂದ ಹಾದಿ ಪೂರ್ತಿ ಕಾಣುತ್ತಿತ್ತು, ಕೆಳಗಿನ ಊರಿನವರೆಗೆ. ಮೊಣಕೈ ಊರಲು ಒಂದು ಚಾಚು ಕೂಡ ಇತ್ತು. ಹಾದಿಯಲ್ಲಿ ಒಂದು ಮೇಕೆ ಮರಿ ಬಂತು. ಅದರ ಕಿವಿ ಅಲುಗುವುದೂ ನನಗೆ ಕಾಣುತ್ತಿತ್ತು. ಅದಕ್ಕೆ ನಾನು ಕಾಣಲಿಲ್ಲ. ಎದ್ದು ಹೊರಬಂದು ಸುತ್ತ ನೋಡಿದೆ. ಇಂಥ ಕಿಂಡಿಗಳು ಲೆಕ್ಕವಿಲ್ಲ. ಗುಡ್ಡಕ್ಕೆ ಗುಡ್ಡವೇ ಕಿಂಡಿ. ಯಾವ ಶಿಲ್ಪಿಯೂ, ಯಾವ ದೊರೆಯೂ ಇಷ್ಟು ಕಾವಲುಗೂಡು ಕಟ್ಟಿಸಲಾರ. ನಿಧಾನಕ್ಕೆ ಸಿಡಿಯುವ ಆ ಬಂದೂಕಿಗೂ ಈ ಗುಡ್ಡಕ್ಕೂ ಹೇಳಿ ಮಾಡಿಸಿದ ಜೋಡಿ. ಇಲ್ಲೇ ಹುಟ್ಟಿ, ಮೊಲ ಬೇಟೆಯಾಡುತ್ತ ಬೆಳೆದ ಹುಡುಗನಿಗೆ ಪ್ರತಿ ಸಂದಿಯೂ ಗೊತ್ತು. ದೆಹಲಿಯಿಂದ, ಕಾಬೂಲಿನಿಂದ ಬಂದ ಸಿಪಾಯಿಗೆ ಒಂದೂ ಗೊತ್ತಿಲ್ಲ.

ಬಾದಶಹ ಇಲ್ಲಿಗೆ ಬಂದಾಗ ಅವನಿಗೆ 86 ವರ್ಷ. 1705ರ ಫೆಬ್ರುವರಿ 8ರಂದು ಅವನ ಬಿಡಾರ ವಾಗಣಗೇರಾ ಹತ್ತಿರ ಬಿತ್ತು. ಗುಡ್ಡದ ಬುಡದಲ್ಲಿ ತಳವಾರಗೇರಿ ಎಂಬ ಪೇಟೆ, ಪಕ್ಕದಲ್ಲಿ ಕೆಂಪು ಮಣ್ಣಿನ ಒಂದು ದಿಣ್ಣೆ. ಪರ್ಷಿಯನ್ ಬಖೈರುಗಳು ಅದನ್ನು ಲಾಲ್ ಟೀಕ್ರಿ ಎನ್ನುತ್ತವೆ. ಮೊಗಲರು ಆ ದಿಣ್ಣೆಯನ್ನು ಹಿಡಿದರು. ಬೇಡರು ಕಲ್ಲು ಉರುಳಿಸಿ, ಗುಂಡು ಸುರಿಸಿ ಅವರನ್ನು ಇಳಿಸಿದರು. ಆ ದಿನಗಳ ಒಂದು ಸಂಗತಿ ನನಗೆ ಬಹಳ ಮುಖ್ಯ. ಕೋಟೆಯ ಗುಂಡಿಗೆ ಇಬ್ಬರು ಸರದಾರರ ಕುದುರೆಗಳು ಕಾಲು ಕಳಕೊಂಡು ಬಿದ್ದವು. ಅವರಲ್ಲೊಬ್ಬ ಚಿನ್ ಕಿಲಿಚ್ ಖಾನ್. ಮುಂದೆ 1724ರಲ್ಲಿ ಹೈದರಾಬಾದಿನ ಮೊದಲ ನಿಜಾಮನಾದವನು ಇವನೇ. ನಿಜಾಮರ ಮೂಲಪುರುಷ ನೆಲಕ್ಕೆ ಬಿದ್ದು ಧೂಳು ಕೊಡವಿಕೊಳ್ಳುವಂತೆ ಮಾಡಿದ್ದು ಈ ಗುಡ್ಡ.

ಮಾರ್ಚ್ ಕೊನೆಗೆ ಮರಾಠರು ಬಂದರು, ಧನಾಜಿ ಜಾಧವನೂ ಹಿಂದೂರಾವನೂ. ಅವರ ಹೆಂಡಿರು ಮಕ್ಕಳಲ್ಲಿ ಎಷ್ಟೋ ಜನ ಸುರಕ್ಷಿತವೆಂದು ವಾಗಣಗೇರಾದಲ್ಲೇ ಇದ್ದರು. ಒಂದು ಕಡೆ ಗುಂಡಿನ ಚಕಮಕಿ ಎಬ್ಬಿಸಿ, ಇನ್ನೊಂದು ಕಡೆಯಿಂದ ಸಂಸಾರಗಳನ್ನು ಕುದುರೆಯ ಮೇಲೆ ಕೂರಿಸಿಕೊಂಡು ಹೋದರು. ಬಳಿಕವೂ ಹತ್ತಿರದಲ್ಲೇ ಸುಳಿದಾಡುತ್ತ ಮೊಗಲರನ್ನು ಕಾಡಿಸಲು ಪಿಡ್ಡ ನಾಯಕ ಅವರಿಗೆ ದಿನಕ್ಕಿಷ್ಟು ಎಂದು ಹಣ ಕೊಡಬೇಕಾಯಿತು. ಒಳಗಿದ್ದ ಬೇಡನಿಗೆ ದಿನಗೂಲಿ ಇರಲಿಲ್ಲ. ನಡುವೆ ಸಂಧಾನದ ನಾಟಕವೂ ನಡೆಯಿತು. ನಾಯಕನ ತಮ್ಮ ಶರಣು ಬಂದವನಂತೆ ಬಾದಶಹನ ಡೇರೆಗೆ ಹೋದ. ನಾಯಕನಿಗೆ ಹುಚ್ಚು ಹಿಡಿದು ಮರಾಠರ ಜೊತೆ ಓಡಿಹೋದ ಎಂಬ ಸುದ್ದಿ ಹಬ್ಬಿತು, ಅವನ ತಾಯಿಯೂ ಹಾಗೇ ಹೇಳಿ ಕಳಿಸಿದಳು. ಔರಂಗಜೇಬನಂಥ ಔರಂಗಜೇಬ ನಂಬಿದ. ಅಷ್ಟರಲ್ಲಿ ಕೋಟೆಯವರಿಗೆ ಉಸಿರಾಡಲು ಹೊತ್ತು ಸಿಕ್ಕಿತು.

ಕೊನೆಗೆ ಸೋಲಿಸಿದ್ದು ನೀರು. ನಾನು ಹಾದಿಯಲ್ಲಿ ಕಂಡ ಮೇಕೆ ಮರಿಯ ಹಿಂದೆ ಒಬ್ಬ ಹೆಂಗಸು ಬಂದಳು. ಹೆಗಲಲ್ಲಿ ಕುಡುಗೋಲು ಕಟ್ಟಿದ ಉದ್ದ ಗಳ, ಸೊಂಟದಲ್ಲಿ ನೀರಿನ ಬಾಟಲಿ.

“ಇಲ್ಲಿ ಮೇಲ ನೀರು ಸಿಗ್ತದೇನು ಅಕ್ಕಾ?” ಎಂದೆ.

“ಈಗ ನೋಡ್ರಿ ಅಣ್ಣಾ, ಯಾವುದಾರ ಗುಂಡದಾಗ ಒಂದೀಟು ಇರತದ. ಶಿವರಾತ್ರಿ ದಾಟಿತಂದ್ರ ಇಲ್ಲ. ಯುಗಾದಿಗಿ ಕುರಿ ಮ್ಯಾಕಿನೂ ಮ್ಯಾಲ ಬರಂಗಿಲ್ಲ.”

ತನ್ನ ಬಾಟಲಿಯನ್ನು ನನ್ನ ಕಡೆ ಚಾಚಿದಳು. ಅವಳಿಗೆ ಸಂಜೆಯ ತನಕ ಅಷ್ಟೇ ನೀರು. ನಾನು ಒಂದು ಗುಟುಕು ಕುಡಿದೆ, ಬೇಡವೆನ್ನಲು ಮನಸ್ಸಾಗಲಿಲ್ಲ.

ಯುಗಾದಿಯ ಹೊತ್ತಿಗೇ ಮೊಗಲ ಸರದಾರ ಜುಲ್ಫಿಕರ್ ಖಾನ್ ಹೊಸ ಸೈನ್ಯದೊಂದಿಗೆ ಬಂದು ಸೇರಿದ್ದ. ಅವನು ಗೋಡೆಗೆ ತಲೆ ಚಚ್ಚಿಕೊಳ್ಳಲಿಲ್ಲ. ಬೇಡರು ನೀರು ಸೇದುತ್ತಿದ್ದ ಬಾವಿಗಳನ್ನು ಹಿಡಿದ. ಏಪ್ರಿಲ್ 27ರಂದು ಪೇಟೆಯ ಮೇಲೆ ದೊಡ್ಡ ದಾಳಿಯಾಯಿತು. ಅಂದು ರಾತ್ರಿ ಪಿಡ್ಡ ನಾಯಕನೂ ಅವನ ಜನವೂ ಹಿಂದಿನ ಬಾಗಿಲಿನಿಂದ ಇಳಿದು ಕತ್ತಲಲ್ಲಿ ಕರಗಿದರು. ಬೆಳಗಾಗಿ ಮೊಗಲರು ಒಳಹೊಕ್ಕರೆ ಬೆಂಕಿ, ಹೊಗೆ, ಸಿಡಿಯುತ್ತಿದ್ದ ಮದ್ದಿನ ಮನೆ. ಮನುಷ್ಯರು ಇಲ್ಲ. ಸುಮಾರು ಮೂರು ತಿಂಗಳು ಹಿಂದೂಸ್ಥಾನದ ಬಾದಶಹನನ್ನೇ ಒಂದು ಗುಡ್ಡದ ಬುಡದಲ್ಲಿ ಕಟ್ಟಿಹಾಕಿದವರು ಕೈಗೆ ಸಿಗದೆ ಹೋಗಿದ್ದರು. ಗೆದ್ದವನು ಕೋಟೆಗೆ ರಹಮಾನ್ ಬಖ್ಷ್ ಎಂದು ಹೆಸರಿಟ್ಟ. ಆ ಹೆಸರು ಕಾಗದದಲ್ಲೇ ಉಳಿಯಿತು, ಊರು ವಾಗಣಗೇರಾ ಆಗಿಯೇ ಇದೆ.

ಗುಡ್ಡದ ಮೇಲಿಂದ ದಕ್ಷಿಣಕ್ಕೆ ನೋಡಿದರೆ ಕೃಷ್ಣೆಯ ಕಡೆಗೆ ಇಳಿಯುವ ಬಯಲು. ಅಲ್ಲೇ ದೇವಾಪುರ. ಮುತ್ತಿಗೆ ಮುಗಿಸಿದ ಔರಂಗಜೇಬ ಮಳೆಗಾಲ ಕಳೆಯಲು ಅಲ್ಲಿ ಬಿಡಾರ ಹೂಡಿ, ಹಾಸಿಗೆ ಹಿಡಿದ. ಬದುಕುವುದಿಲ್ಲವೆಂದೇ ಎಲ್ಲರೂ ತಿಳಿದಿದ್ದರು. ಅಕ್ಟೋಬರಿನಲ್ಲಿ ಅವನನ್ನು ಪಲ್ಲಕ್ಕಿಯಲ್ಲಿ ಉತ್ತರಕ್ಕೆ ಒಯ್ದರು. 1707ರಲ್ಲಿ ಅಹಮದನಗರದಲ್ಲಿ ತೀರಿಕೊಂಡ. ಕಾಬೂಲಿನಿಂದ ಕರ್ನಾಟಕದ ತನಕ ಆಳಿದ ದೊರೆಯ ಕೊನೆಯ ಯುದ್ಧ ನಮ್ಮ ಸಗರನಾಡಿನ ರೈತರ ಜೊತೆ ನಡೆಯಿತು ಎಂಬುದನ್ನು ಶಾಲೆಯಲ್ಲಿ ನನಗೆ ಯಾರೂ ಹೇಳಿರಲಿಲ್ಲ. ಹೇಳಬೇಕಿತ್ತು.

ಸುರಪುರ ಗುಡ್ಡಗಳ ಮಡಿಲಲ್ಲಿ ಕೂತ ಊರು. ಹಳಬರ ಬಾಯಲ್ಲಿ ಇನ್ನೂ ಶೋರಾಪುರ. ಸುತ್ತ ಬಂಡೆಗಳ ಕೋಟೆ, ನಡುವೆ ಏರುವ ಇಳಿಯುವ ಓಣಿಗಳು, ಅರಮನೆ, ವೇಣುಗೋಪಾಲಸ್ವಾಮಿ ದೇವಸ್ಥಾನ. ಚಿನ್ನದ ರೇಕು ಹಚ್ಚಿ ಬರೆಯುವ ಸುರಪುರದ ಚಿತ್ರಕಲೆ ಬೆಳೆದದ್ದು ಈ ಓಣಿಗಳಲ್ಲಿ, ನಾಯಕ ಅರಸರ ಆಶ್ರಯದಲ್ಲಿ. ಎತ್ತರದ ಗುಡ್ಡದ ಮೇಲೆ ಟೇಲರನ ಮನೆ, ಟೇಲರ್ ಮಂಜಿಲ್. ಅಲ್ಲಿ ನಿಂತರೆ ಊರೆಲ್ಲ ಅಂಗೈಯಲ್ಲಿ.

ಟೇಲರ್ 1840ರ ದಶಕದ ಮೊದಲಿಗೆ ಇಲ್ಲಿಗೆ ಬಂದ. ರಾಜಾ ಕೃಷ್ಣಪ್ಪ ನಾಯಕರು ತೀರಿಕೊಂಡಿದ್ದರು. ಪಟ್ಟಕ್ಕೇರುವಾಗ ನಿಜಾಮನಿಗೆ ಒಪ್ಪಿಕೊಂಡ ಹದಿನೈದು ಲಕ್ಷ ರೂಪಾಯಿ ನಜರಾಣೆ ಸಂಸ್ಥಾನವನ್ನು ಸಾಲದಲ್ಲಿ ಮುಳುಗಿಸಿತ್ತು. ಮಗ ವೆಂಕಟಪ್ಪ ಏಳರ ಹುಡುಗ, ತಾಯಿ ರಾಣಿ ಈಶ್ವರಮ್ಮ. ಅಂದಿನಿಂದ 1853ರವರೆಗೆ ಸಂಸ್ಥಾನದ ಆಡಳಿತ ನೋಡಿಕೊಂಡವನು ಟೇಲರ್. ಹುಡುಗ ಅವನನ್ನು ಅಪ್ಪಾ ಎಂದೇ ಕರೆಯುತ್ತಿದ್ದ. ಠಕ್ಕರ ಕುರಿತ ಕಾದಂಬರಿಯಿಂದ 1839ರಲ್ಲೇ ಇಂಗ್ಲೆಂಡಿನಲ್ಲಿ ಹೆಸರಾಗಿದ್ದ ಈ ಮನುಷ್ಯ ಇಲ್ಲಿ ರಸ್ತೆ ಹಾಕಿಸಿದ, ಬೋನಾಳದ ಕೆರೆಗೆ ಕೆಲಸ ಮಾಡಿಸಿದ, ಕಲ್ಲುಗಳ ಸಾಲುಗಳನ್ನು ಅಳೆದ. ಒಳ್ಳೆಯವನೇ. ಆದರೆ ಅವನು ಕಂಪನಿ ಸರಕಾರದ ಒಳ್ಳೆಯವನು. ಬೇಡರ ದಂಡು ಅವನಿಗೆ ಮೊದಲಿಂದಲೂ ಅಚ್ಚರಿಯೂ ಹೌದು, ಅಂಜಿಕೆಯೂ ಹೌದು. ತಮ್ಮ ಕಟ್ಟಳೆ ಬಿಟ್ಟು ಬೇರೆ ಕಾನೂನು ಒಪ್ಪದ, ಕೊಟ್ಟ ಮಾತಿಗೆ ತಪ್ಪದ ಜನ ಎಂದು ಅವನ ಆತ್ಮಚರಿತ್ರೆ ಓದಿದವರಿಗೆಲ್ಲ ತಿಳಿಯುತ್ತದೆ.

1857ರ ಮೇ 10ರಂದು ಮೀರತ್ತಿನಲ್ಲಿ ಹೊತ್ತಿದ ಬೆಂಕಿ ಕೃಷ್ಣಾ ತೀರಕ್ಕೆ ಬರಲು ಆರೇಳು ತಿಂಗಳು ಬೇಕಾಯಿತು. ನವೆಂಬರಿನಲ್ಲಿ ಮುಧೋಳದ ಹಲಗಲಿಯ ಬೇಡರು ಆಯುಧ ಒಪ್ಪಿಸುವುದಿಲ್ಲ ಎಂದರು. ಹತಾರ ಅವರಿಗೆ ಬದುಕು. ಕರ್ನಲ್ ಮಾಲ್ಕಮ್‌ನ ಸೈನ್ಯ ಊರಿಗೇ ಬೆಂಕಿ ಹಚ್ಚಿತು, ಹಿಡಿದವರನ್ನು ಗಲ್ಲಿಗೆ ಹಾಕಿತು. ಸುರಪುರದಲ್ಲೂ ದಂಡು ಕೂಡುತ್ತಿತ್ತು; ಅದೇ ಮಾಲ್ಕಮ್ ಫೆಬ್ರುವರಿಯಲ್ಲಿ ಅತ್ತ ಹೊರಟ. ಪೂರ್ವದಿಂದ ಕರ್ನಲ್ ಹ್ಯೂಸ್‌ನ ಮದ್ರಾಸ್ ಸೈನ್ಯ. ಎಲ್ಲರಿಗಿಂತ ಮೊದಲು ಕ್ಯಾಪ್ಟನ್ ವಿಂಡ್‌ಹ್ಯಾಮ್, ಹೈದರಾಬಾದ್ ಕಂಟಿಂಜೆಂಟಿನ ದಳದೊಂದಿಗೆ. ಇದು ನಿಜಾಮನ ದುಡ್ಡಿನಲ್ಲಿ ನಡೆಯುತ್ತಿದ್ದ, ಇಂಗ್ಲಿಷ್ ಅಧಿಕಾರಿಗಳ ಕೈಕೆಳಗಿದ್ದ ಸೈನ್ಯ, ಸಿಪಾಯಿಗಳು ದೇಶದವರೇ. ಎರಡು ಕಡೆಯ ಬಂದೂಕಿನ ಹಿಂದೆಯೂ ನಮ್ಮವರೇ ನಿಂತಿದ್ದರು ಎಂಬುದನ್ನು ಮರೆತು ಈ ಕಥೆ ಹೇಳಬಾರದು. 1857ರ ಯುದ್ಧವನ್ನು ಬರೀ ನಾವು ಮತ್ತು ಅವರು ಎಂದು ಬರೆದರೆ ಅದರ ನೋವು ಪೂರ್ತಿ ಕಾಣುವುದಿಲ್ಲ.

ನಾಲ್ವಡಿ ವೆಂಕಟಪ್ಪ ನಾಯಕರಿಗೆ ಆಗ ಇಪ್ಪತ್ನಾಲ್ಕರ ಆಸುಪಾಸು. ಅರಮನೆಯಲ್ಲಿ ಅರಬರೂ ರೋಹಿಲರೂ ಸಂಬಳಕ್ಕೆ ಸೇರಿದ್ದರು. ಹಳ್ಳಿಗಳಿಂದ ಬೇಡರು ಬಂದು ಸೇರಿದರು. ಫೆಬ್ರುವರಿ 7ರಂದು ವಿಂಡ್‌ಹ್ಯಾಮ್ ಊರ ಹೊರಗೆ ಬಂದ. ರಾಜರ ಕಡೆಯವರು ಬಿಡಾರ ಹೂಡಲು ಒಂದು ಕಣಿವೆ ತೋರಿಸಿದರು. ಮಂಜಿಲಿನ ಗುಡ್ಡದಿಂದ ಇಂಥ ಕಣಿವೆಗಳು ಎಷ್ಟೋ ಕಾಣುತ್ತವೆ. ಎರಡೂ ಬದಿ ಗುಂಡುಕಲ್ಲಿನ ಗುಡ್ಡ, ನಡುವೆ ಇಕ್ಕಟ್ಟಾದ ಹಸಿರು ಜಾಗ, ನೋಡಲು ಚೆಂದ. ವಾಗಣಗೇರಾದ ಕಿಂಡಿಯಲ್ಲಿ ಕೂತು ಬಂದವನಿಗೆ ಆ ಚೆಂದದ ಅರ್ಥ ಬೇರೆ. ಅಲ್ಲಿ ಮಲಗಿದ ದಂಡು ಬೆಳಿಗ್ಗೆ ಏಳುವುದಿಲ್ಲ. ವಿಂಡ್‌ಹ್ಯಾಮ್‌ಗೂ ಅದು ತಿಳಿಯಿತು. ಬಯಲಿನಲ್ಲಿ ಡೇರೆ ಹಾಕಿದ. ಈ ಒಂದು ನಿರ್ಧಾರ ಸುರಪುರದ ಹಣೆಬರಹ ತಿರುಗಿಸಿತು. ರಾತ್ರಿ ಬೇಡರು ದಾಳಿ ಮಾಡಿದರು. ಕಲ್ಲಿನ ಮರೆಯಿಲ್ಲದ ಬಯಲಿನಲ್ಲಿ, ಎಚ್ಚರವಾಗಿ ಕಾದಿದ್ದ ಪಲ್ಟನ್ನಿನ ಎದುರು, ಬತ್ತಿ ಬಂದೂಕು ಏನು ಮಾಡೀತು?

ಮರುದಿನ ಗುಡ್ಡದ ಅಂಚಿನಲ್ಲಿ ಕಾದಾಟ. ಹ್ಯೂಸ್‌ನ ಸೈನ್ಯ ಬಂದು ಸೇರಿಕೊಂಡಿತು. ಮದ್ರಾಸ್ ಕುದುರೆ ದಳದ ಕ್ಯಾಪ್ಟನ್ ನ್ಯೂಬೆರಿ ಸತ್ತ. ಅವನ ಜೊತೆಗಿದ್ದ ಲೆಫ್ಟಿನೆಂಟ್ ಸ್ಟೂವರ್ಟ್ ಗಾಯಗೊಂಡು ಉಳಿಯಲಿಲ್ಲ. ಇವರಿಬ್ಬರ ಹೆಸರು ನನಗೆ ಗೊತ್ತಿರುವುದು ಅವರಿಗೆ ಹಾಜರಿಪಟ್ಟಿ ಇದ್ದದ್ದರಿಂದ. ಅವರ ಎದುರು ಬಿದ್ದ ಬೇಡರನ್ನು ಕೂಗಿ ಕರೆಯಲು ಯಾವ ಪಟ್ಟಿಯೂ ಇಲ್ಲ. ಒಂದೊಂದು ಊರಿನ ಒಂದೊಂದು ಮನೆಯಲ್ಲಿ ಮಾತ್ರ ಆ ಹೆಸರುಗಳು ಗೊತ್ತಿದ್ದವು, ಮೊಮ್ಮಕ್ಕಳಿಗೆ ಅದೇ ಹೆಸರು ಇಡುತ್ತ ಹೋದರು.

ಆ ರಾತ್ರಿ ರಾಜರು ಕೆಲವೇ ಸವಾರರೊಂದಿಗೆ ಹೈದರಾಬಾದಿನ ದಾರಿ ಹಿಡಿದರು. ಮಾಲ್ಕಮ್ ಬರುವ ಹೊತ್ತಿಗೆ ಊರು ತೆರವಾಗಿತ್ತು. ಹೈದರಾಬಾದಿನ ಬಜಾರಿನಲ್ಲಿ ನಿಜಾಮನ ದಿವಾನ ಸಾಲಾರ್ ಜಂಗನ ಜನ ರಾಜರನ್ನು ಹಿಡಿದು ಇಂಗ್ಲಿಷರಿಗೆ ಒಪ್ಪಿಸಿದರು. ಸೆರೆಮನೆಗೆ ಟೇಲರ್ ಹೋದ. ಚಿಕ್ಕಂದಿನಿಂದ ಕಂಡ ಹುಡುಗ ಅಪ್ಪಾ ಎಂದು ಅವನ ಕೊರಳಿಗೆ ಬಿದ್ದು ಅತ್ತ. ನಿನ್ನನ್ನು ಎತ್ತಿಕಟ್ಟಿದವರು ಯಾರು, ಹೆಸರು ಹೇಳು, ಜೀವ ಉಳಿಯಬಹುದು ಎಂದು ಟೇಲರ್ ಬೇಡಿಕೊಂಡ. ರಾಜರು ಒಂದು ಹೆಸರನ್ನೂ ಹೇಳಲಿಲ್ಲ. ಸಾಯಲು ತನಗೆ ಅಂಜಿಕೆಯಿಲ್ಲ, ಆದರೆ ಕಳ್ಳನಂತೆ ನೇಣಿಗೆ ಹಾಕಬೇಡಿ, ತೋಪಿನ ಬಾಯಿಗೆ ಕಟ್ಟಿ ಹಾರಿಸಿ ಎಂದು ಕೇಳಿಕೊಂಡರು. ಕರಿನೀರಿನ ಶಿಕ್ಷೆ ಬೇಡವೆಂದರು; ತನ್ನ ಬೇಡರಲ್ಲಿ ತೀರ ಬಡವನೂ ಕಟ್ಟಿನಲ್ಲಿ ಬದುಕಲಾರ, ತಾನು ಹೇಗೆ ಬದುಕಲಿ ಎಂದರು. ಟೇಲರ್ ಬರೆದಿಟ್ಟಿದ್ದರಿಂದ ಈ ಮಾತುಗಳು ಉಳಿದಿವೆ. ಮಂಜಿಲಿನ ಮೆಟ್ಟಿಲ ಮೇಲೆ ಕೂತು ಈ ಭಾಗ ನೆನೆಯುವಾಗ ನನಗೆ ರಾಜರಿಗಿಂತ ಹೆಚ್ಚಾಗಿ ಆ ಬಡ ಬೇಡನ ಮೇಲೆ ಗೌರವ ಉಕ್ಕಿತು. ಸಾವಿನ ಎದುರು ನಿಂತ ಅರಸ ತನ್ನ ಧೈರ್ಯಕ್ಕೆ ಅಳತೆಗೋಲು ಮಾಡಿಕೊಂಡದ್ದು ತನ್ನ ಕಾಲಾಳನ್ನು.

ಮರಣದಂಡನೆ ಮೊದಲು ಜೀವಾವಧಿಗೆ ಇಳಿಯಿತು, ಆಮೇಲೆ ಚೆಂಗಲ್‌ಪೇಟೆಯಲ್ಲಿ ನಾಲ್ಕು ವರ್ಷಗಳ ಸೆರೆಗೆ. ಅದು ಮುಗಿದರೆ ಸಂಸ್ಥಾನ ಮರಳಿ ಸಿಗುವ ಆಸೆಯೂ ಇತ್ತು. 1858ರ ಮೇ ತಿಂಗಳಲ್ಲಿ, ಹೈದರಾಬಾದಿನಿಂದ ಹೊರಟ ಮೊದಲ ಬಿಡಾರದಲ್ಲೇ, ಕಾವಲಿಗಿದ್ದ ಅಧಿಕಾರಿಯ ಪಿಸ್ತೂಲಿನಿಂದ ರಾಜರು ಗುಂಡು ಹಾರಿಸಿಕೊಂಡರು ಎಂದು ಇಂಗ್ಲಿಷರ ಕಾಗದ ಹೇಳುತ್ತದೆ. ಸುರಪುರದಲ್ಲಿ ಇದನ್ನು ನಂಬುವವರು ಕಡಿಮೆ. ಕೊಂದರು ಎಂದೇ ಇಲ್ಲಿನ ಜನ ಹೇಳುವುದು. 1860ರ ಒಪ್ಪಂದದಲ್ಲಿ ಇಂಗ್ಲಿಷರು ಸುರಪುರವನ್ನು ನಿಜಾಮನಿಗೆ ಕೊಟ್ಟರು, ನಿಷ್ಠೆಗೆ ಇನಾಮಾಗಿ. ಚಿನ್ ಕಿಲಿಚ್ ಖಾನನ ಕುದುರೆ ಬಿದ್ದ ನೆಲ ನೂರೈವತ್ತೈದು ವರ್ಷಗಳ ಮೇಲೆ ಅವನ ವಂಶಕ್ಕೆ ಸೇರಿತು.

ದಂಡು ಏನಾಯಿತು? ಸಂಬಳದ ರೋಹಿಲರಿಗೆ ಬೇರೆ ದೊರೆ ಸಿಕ್ಕಿರಬಹುದು. ಕಂಟಿಂಜೆಂಟು ತನ್ನ ಬಿಡಾರಕ್ಕೆ ಹೋಯಿತು. ಬೇಡರಿಗೆ ಹೋಗಲು ಬೇರೆ ಜಾಗವಿರಲಿಲ್ಲ. ಅವರ ಬಿಡಾರವೇ ಊರು. ಮಾಲ್ಕಮ್‌ನ ಸೈನ್ಯ ಅಲ್ಲಿಂದ ತೆರಳಿ ಬೇಸಿಗೆಯ ಕೊನೆಗೆ ನರಗುಂದದ ಮೇಲೆ ಬಿತ್ತು. ಟೇಲರ್ ಅದೇ ವರ್ಷ ಕಮಿಷನರನಾಗಿ 1853ರಲ್ಲಿ ಬಿಟ್ಟುಹೋಗಿದ್ದ ಊರಿಗೆ ಮರಳಿ ಬಂದ, ಎರಡು ವರ್ಷ ಇದ್ದು ಇಂಗ್ಲೆಂಡಿಗೆ ಹೋದ.

ಮಂಜಿಲಿನಿಂದ ಇಳಿದು ವೇಣುಗೋಪಾಲಸ್ವಾಮಿ ದೇವಸ್ಥಾನದ ಕಡೆ ನಡೆದೆ. ಗೋಕುಲಾಷ್ಟಮಿ ಮುಗಿದ ಮೇಲೆ ಇಲ್ಲಿ ಜಾತ್ರೆ, ಹಾಲೋಕುಳಿ. ಎತ್ತರದ ಕಂಬಗಳಿಗೆ ಜಾರಿಕೆ ಹಚ್ಚಿ ನಿಲ್ಲಿಸುತ್ತಾರೆ, ಮೇಲಿನಿಂದ ನೀರು ಸುರಿಯುತ್ತಾರೆ, ಹುಡುಗರು ಒಬ್ಬರ ಹೆಗಲ ಮೇಲೊಬ್ಬರು ನಿಂತು ಹತ್ತುತ್ತಾರೆ, ಜಾರುತ್ತಾರೆ, ಮತ್ತೆ ಹತ್ತುತ್ತಾರೆ. ಹೂವಿನಂಗಡಿಯ ಯುವಕನನ್ನು ಕೇಳಿದೆ: “ನೀವೂ ಏರೀರೇನು?”

“ಏರೀನಿ ಸರ್ರ. ಮೊದಲ ಸಲ ನಡಕ ಹೋಗಿ ಬಿದ್ದೆ. ಕೆಳಗ ನಮ್ಮ ಓಣಿ ಹುಡುಗರು ಹಿಡಕೊಂಡ್ರು. ನೀವು ಅಷ್ಟಮಿಗಿ ಬರ್ರಿ, ಸುತ್ತಿನ ಹಳ್ಳಿ ಮಂದಿ ಎಲ್ಲಾ ಬರತದ, ಕಾಲಿಡ್ಲಾಕ ಜಾಗ ಇರಂಗಿಲ್ಲ.”

ಬರುತ್ತೇನೆ ಎಂದು ಹೇಳಿದ್ದೇನೆ. ಸಂಜೆಯ ಬಸ್ಸಿನಲ್ಲಿ ನನ್ನ ಪಕ್ಕ ಕೂತ ರೈತ ನಾಳೆಯ ಕೂಲಿಯಾಳುಗಳ ಬಗ್ಗೆ ಫೋನಿನಲ್ಲಿ ಮಾತಾಡುತ್ತಿದ್ದ. ಜೋಳ ಒಣಗಿ ನಿಂತಿದೆ, ಇನ್ನು ಎರಡು ದಿನ ತಡವಾದರೆ ಕಾಳು ಉದುರುತ್ತದೆ, ಬೆಳಗಿನ ಜಾವಕ್ಕೇ ಬರಲು ಹೇಳು ಎಂದು ಜೋರಾಗಿ ಹೇಳುತ್ತಿದ್ದ.